ಉಸ್ತಾದರು ಸುಡದ ಕಾರ್ಡು

ಅವರ ಎಡಗೈ ಕಿರುಬೆರಳಿನ ಉಗುರು ಸದಾ ಕೆಂಪಗಿರುತ್ತಿತ್ತು. ಹೆಂಗಸರು ಹಚ್ಚಿಕೊಳ್ಳುವ ಉಗುರುಬಣ್ಣ. ಐವತ್ತು ದಾಟಿದ, ಮೀಸೆ ನರೆತ ಗಂಡಸಿನ ಕೈಯಲ್ಲಿ ಅದನ್ನು ಕಂಡು ಹೊಸಬರು ಮುಸಿಮುಸಿ ನಗುತ್ತಿದ್ದರು. ಉಸ್ತಾದರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ರೇಡಿಯೋ ಇರಲಿ, ಟಿ.ವಿ. ಇರಲಿ, ರಿಪೇರಿ ಮುಗಿಸಿ ಮುಚ್ಚಿದ ಮೇಲೆ ಒಂದೊಂದು ಸ್ಕ್ರೂವಿನ ತಲೆಯ ಮೇಲೂ ಆ ಬಣ್ಣದ ಒಂದು ಬೊಟ್ಟು ಇಡುವುದು ಅವರ ಪದ್ಧತಿ. ಬಾಟಲಿಯ ಬಣ್ಣ ಗಟ್ಟಿಯಾಗಿದೆಯೇ ಎಂದು ಮೊದಲು ತಮ್ಮ ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. ಬೊಟ್ಟು ಒಣಗಿದ ಮೇಲೆ ಯಾರಾದರೂ ಸ್ಕ್ರೂ ತಿರುಗಿಸಿದರೆ ಅದು ಒಡೆಯುತ್ತದೆ. ತಮ್ಮ ನಂತರ ಇನ್ನೊಬ್ಬರು ಕೈಹಾಕಿದ್ದಾರೆ ಎಂಬುದು ಗೊತ್ತಾಗುತ್ತದೆ.

"ನನ್ನ ಕೆಲಸಕ್ಕ ನಾ ಜವಾಬ್ದಾರ. ಮಂದಿ ಮಾಡಿದ ಕೆಲಸಕ್ಕ ನಾ ಯಾಕ ಬೈಸಿಕೋಬೇಕು?" ಎನ್ನುತ್ತಿದ್ದರು.

ಬೈಸಿಕೊಂಡರು. ಅಫಜಲಪುರದಲ್ಲಿ ನನ್ನ ವಾರಿಗೆಯವರ ನಡುವೆ ಈಗಲೂ ಅವರ ಮಾತು ಬಂದರೆ, "ಅಂವ ಅಲ್ಲೇನು, ಕಾರ್ಡ ಸುಟ್ಟ ಉಸ್ತಾದ" ಎನ್ನುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸಾವಿರಾರು ರೇಡಿಯೋಗಳಿಗೆ ಮತ್ತೆ ದನಿ ಕೊಟ್ಟವರಿಗೆ ಊರು ಕೊಟ್ಟ ಹೆಸರು ಅದು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉಸ್ತಾದರು ಯಾವ ಕಂಪ್ಯೂಟರ್ ಕಾರ್ಡನ್ನೂ ಸುಟ್ಟಿಲ್ಲ.

ಯಂತ್ರದ ಕೆಲಸ ಬಲ್ಲವರನ್ನು ನಮ್ಮ ಕಡೆ ಉಸ್ತಾದ ಎನ್ನುತ್ತಾರೆ. ಅವರು ಆಳಂದ ತಾಲ್ಲೂಕಿನ ಹಿರೋಳ್ಳಿ ಕಡೆಯವರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಸೊಲ್ಲಾಪುರಕ್ಕೆ ಹೋಗಿ ರೇಡಿಯೋ ಕೆಲಸ ಕಲಿತು, ಎಪ್ಪತ್ತರ ದಶಕದಲ್ಲಿ ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ ಹಾಕಿದರು. ರೇಡಿಯೋ ಹೋಗಿ ಟೇಪ್ ಬಂತು, ಟಿ.ವಿ. ಬಂತು. ಒಂದೊಂದನ್ನೂ ಯಾರೂ ಹೇಳಿಕೊಡದೆ ಕಲಿತರು. ತೊಂಬತ್ತರ ದಶಕ ಅರ್ಧ ಕಳೆದ ಮೇಲೆ ಸೊಲ್ಲಾಪುರದ ಗುಜರಿಯಿಂದ ಒಂದು ಹಳೆಯ ಕಂಪ್ಯೂಟರನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದರು. ಒಂದು ವರ್ಷ ಅದನ್ನು ಬಿಚ್ಚಿದರು, ಕೂಡಿಸಿದರು, ಮತ್ತೆ ಬಿಚ್ಚಿದರು. ವರ್ಷದ ಕೊನೆಗೆ ತಾಲ್ಲೂಕಿನಲ್ಲಿ ಆ ಪೆಟ್ಟಿಗೆಯ ಹೊಟ್ಟೆಯೊಳಗಿನದು ತಿಳಿದವರು ಅವರೊಬ್ಬರೇ ಆಗಿದ್ದರು.

ಗಿರಾಕಿಗಳು ಬಂದು ರೋಗದ ವರ್ಣನೆ ಶುರು ಮಾಡಿದರೆ ಕೈ ಎತ್ತಿ ತಡೆಯುತ್ತಿದ್ದರು. "ನೀವು ಸುಮ್ಕಿರ್ರಿ. ಅದು ಹೇಳ್ಲಿ." ಆಮೇಲೆ ಕಣ್ಣು ಮುಚ್ಚಿ ಯಂತ್ರದ ಸದ್ದು ಕೇಳುತ್ತಿದ್ದರು. ಘತ್ತರಗಿಗೆ ಹೊರಟ ಜೀಪಿನವನೊಬ್ಬ ಟೇಪ್ ಕೆಟ್ಟಿದೆ, ಅಲ್ಲಿನ ಭಾಗ್ಯವಂತಿ ದೇವಿಯ ಹಾಡಿಲ್ಲದೆ ಮಂದಿ ಹತ್ತುವುದಿಲ್ಲ ಎಂದು ಗೋಳಾಡಿದಾಗ ಅವನಿಗೂ ಅದೇ ಮಾತು. ಜೀಪಿನವನು ಬಾಯಿ ಮುಚ್ಚಿದ ಮೇಲೆ ಎರಡು ನಿಮಿಷದಲ್ಲಿ ಟೇಪ್ ಹಾಡಿತು.

ನಾನು ಡಿಗ್ರಿ ಮುಗಿಸಿ, ನಮ್ಮ ಮನೆಯ ರಸ್ತೆ ಬದಿಯ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕೆ, ಕರಪತ್ರ ಮಾಡಿಕೊಡುವ ಡಿಟಿಪಿ ಅಂಗಡಿ ತೆರೆದೆ. ಕಂಪ್ಯೂಟರ್ ಅಂದರೆ ನನಗೆ ಟೈಪು ಮಾಡುವುದಷ್ಟೇ ಗೊತ್ತು. ಮೊದಲ ತಿಂಗಳಲ್ಲೇ ಒಂದು ಬೆಳಿಗ್ಗೆ ಪರದೆ ಕಪ್ಪಾಯಿತು. ಮರುದಿನ ಕೊಡಬೇಕಾದ ಲಗ್ನಪತ್ರಿಕೆ ಅದರೊಳಗಿತ್ತು. ಮಾನಿಟರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿ ಹಾಸಿ ಕಟ್ಟಿಕೊಂಡು ಉಸ್ತಾದರ ಅಂಗಡಿಗೆ ಓಡಿದೆ. ಅವರು ತಮ್ಮ ಗುಜರಿ ಕಂಪ್ಯೂಟರಿಗೆ ಅದನ್ನು ಜೋಡಿಸಿ, ಕೆಳಗೆ ಬೆರಳು ಹಾಕಿ ಒಂದು ಚಿಕ್ಕ ಗಾಲಿ ತಿರುಗಿಸಿದರು. ಬೆಳಕು ಬಂತು. ಧೂಳು ಒರೆಸುವಾಗ ನಾನೇ ಬೆಳಕು ಕಡಿಮೆ ಮಾಡುವ ಗಾಲಿಯನ್ನು ಪೂರ್ತಿ ತಿರುಗಿಸಿಬಿಟ್ಟಿದ್ದೆ.

ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಒಬ್ಬ, "ಏನಾಗಿತ್ತು ಉಸ್ತಾದ?" ಎಂದು ಕೇಳಿದ. ಉಸ್ತಾದರು ನನ್ನ ಮುಖ ನೋಡಿ, "ಒಳಗ ಒಂದ್ ವೈರ್ ಸಡ್ಲಾಗಿತ್ತು, ಕೂಡಿಸೀನಿ" ಎಂದರು. ಆ ನಾಲ್ವರೂ ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದರು: "ಹೊಸದಾಗಿ ಅಂಗಡಿ ಹಾಕೀದಿ. ಗಾಲಿ ತಿರುವಿ ಕೂತಿದ್ದ ಅಂತ ಊರಿಗೆ ಗೊತ್ತಾದ್ರ ಯಾರೂ ಪತ್ರಿಕಿ ಕೊಡಂಗಿಲ್ಲ ತಮ್ಮಾ."

ಅಂದಿನಿಂದ ನಾನು ಅವರ ಶಿಷ್ಯ. ಸಂಜೆ ಅಂಗಡಿ ಮುಚ್ಚಿ ಅವರಲ್ಲಿಗೆ ಹೋಗುತ್ತಿದ್ದೆ. ಪರದೆ ಕಪ್ಪಾದರೆ ಮಾನಿಟರಿನ ದೀಪ ಹಸಿರೋ, ಚಿತ್ರ ಬಾರದಾಗಿನ ಹಳದಿಯೋ ನೋಡು, ಕೇಬಲ್ಲಿನ ಸೂಜಿ ಬಾಗಿದೆಯೇ ನೋಡು, ಕೊನೆಗೆ ಕಂಪ್ಯೂಟರ್ ಶುರುವಾಗುವಾಗ ಹೊಡೆಯುವ ಬೀಪ್ ಎಣಿಸು. ಒಂದು ಚಿಕ್ಕ ಬೀಪ್ ಬಂದರೆ ಎಲ್ಲ ಕ್ಷೇಮ. ಒಂದು ಉದ್ದ, ಎರಡು ಚಿಕ್ಕವು ಬಂದರೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನದೇ ತಕರಾರು. ಇಷ್ಟು ಹೇಳಿಕೊಡಲು ದೊಡ್ಡ ಊರಿನ ಸಂಸ್ಥೆಗಳು ಆರು ತಿಂಗಳ ಕೋರ್ಸು ಮಾಡಿಸುತ್ತಿದ್ದವು. ಅವರು ಚಹಾ ಕುಡಿಯುತ್ತ ಹೇಳಿಕೊಟ್ಟರು.

ಇನ್ನು ನಮ್ಮ ಮನೆಯ ವಿಷಯ ಹೇಳಬೇಕು. ಹೇಳಲು ನಾಲಿಗೆ ಕಹಿಯಾಗುತ್ತದೆ, ಆದರೂ ಹೇಳುತ್ತೇನೆ.

ನಮ್ಮದು ಹೊಲಮನೆ ಇದ್ದ ಲಿಂಗಾಯತರ ಮನೆ. ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವನ ತಮ್ಮನಾದ ಕಾಕಾನದು. ಬಸವ ಜಯಂತಿಯ ದಿನ ಕಾಕಾ ವೇದಿಕೆ ಹತ್ತಿ ಮನುಷ್ಯರೆಲ್ಲ ಒಂದೇ ಎಂದು ಮುಕ್ಕಾಲು ಗಂಟೆ ಮಾತಾಡುತ್ತಿದ್ದ, ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು. ಉಸ್ತಾದರದು ಅವರ ತಂದೆಯ ಕಾಲಕ್ಕೇ ಬೌದ್ಧ ದೀಕ್ಷೆ ತೆಗೆದುಕೊಂಡ ಮನೆತನ. ನಮ್ಮ ಮನೆಯ ಲೆಕ್ಕದಲ್ಲಿ ಅದರಿಂದ ಏನೂ ಬದಲಾಗಿರಲಿಲ್ಲ, ಅವರು ಊರಾಚೆಯ ಕೇರಿಯವರೇ. ಟಿ.ವಿ. ಕೆಟ್ಟರೆ ಇಬ್ಬರು ಆಳುಗಳು ಅದನ್ನು ಹೊತ್ತು ಹೊರಗಿನ ಕಟ್ಟೆಯ ಮೇಲೆ ಇಡುತ್ತಿದ್ದರು. ಉಸ್ತಾದರು ಕಟ್ಟೆಯಂಚಿನಲ್ಲಿ ಕೂತು ರಿಪೇರಿ ಮಾಡುತ್ತಿದ್ದರು. ಅವರಿಗೆಂದೇ ಹೊರಗಿನ ಗೂಡಿನಲ್ಲಿ ಒಂದು ಗಾಜಿನ ಲೋಟ ಇಟ್ಟಿದ್ದರು. ಅದನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ. ಹತಾರದ ಚೀಲದಿಂದ ತಮ್ಮ ಸ್ಟೀಲ್ ಲೋಟ ತೆಗೆದು ಮುಂದೆ ಹಿಡಿದು, "ಇದರಾಗ ಹಾಕ್ರಿ" ಎನ್ನುತ್ತಿದ್ದರು. ಇದನ್ನೆಲ್ಲ ನಾನು ಚಿಕ್ಕಂದಿನಿಂದ ನೋಡಿದ್ದೆ. ನೋಡಿ ಸುಮ್ಮನಿದ್ದೆ. ಓದಿದವನು ಎಂಬ ಹೆಮ್ಮೆ ಬೇರೆ.

ಆ ವರ್ಷ ನಮ್ಮೂರ ಹೈಸ್ಕೂಲಿಗೆ ಕಂಪ್ಯೂಟರ್‌ಗಳು ಬಂದವು. ಅವುಗಳನ್ನು ನೋಡಿಕೊಳ್ಳುವ ಕೆಲಸ ಉಸ್ತಾದರಿಗೇ ಕೊಡುವುದಾಗಿ ಹೆಡ್‌ಮಾಸ್ತರು ಹೇಳಿಕಳಿಸಿದರು. ಉಸ್ತಾದರು ಅಷ್ಟು ಹಿಗ್ಗಿದ್ದನ್ನು ನಾನು ಕಂಡಿರಲಿಲ್ಲ. ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ನನಗಂತೂ ಮೂರು ಸಲ ಹೇಳಿದರು. "ಏಳನೇದಕ್ಕ ಸಾಲಿ ಬಿಟ್ಟಾಂವ ನಾ. ಈಗ ಸಾಲಿನೇ ಕರೀಲಾಕತ್ತದ ನೋಡು. ಹುಡುಗ್ರು ನನಗ ಸರ್ ಅಂತಾರಂತ."

ಅದೇ ವಾರ ನಾನು ಸೊಲ್ಲಾಪುರದಿಂದ ಹೊಸ ಗ್ರಾಫಿಕ್ಸ್ ಕಾರ್ಡು ತರಿಸಿದೆ. ಹಳೆಯದರಲ್ಲಿ ಬಣ್ಣಗಳು ಹದಿನಾರೇ ಕಾಣುತ್ತಿದ್ದವು, ಬಣ್ಣದ ಪತ್ರಿಕೆ ಮಾಡಲು ಆಗುತ್ತಿರಲಿಲ್ಲ. ಕೂಡಿಸಲು ಉಸ್ತಾದರನ್ನು ಕರೆದೆ. ಕಾಕಾ ಹೊಲಕ್ಕೆ ಹೋಗಿದ್ದ. ಅಷ್ಟೆಲ್ಲ ವೈರುಗಳಿರುವ ಕಂಪ್ಯೂಟರನ್ನು ಕಟ್ಟೆಗೆ ಹೊರುವುದು ಹೇಗೆ ಎಂದು ನಾನೇ, "ಒಳಗ ಬರ್ರಿ ಉಸ್ತಾದ" ಎಂದೆ. ಅವರು ಒಂದು ಗಳಿಗೆ ಹೊಸ್ತಿಲ ಹೊರಗೆ ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದರು. ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲು.

ಕಾರ್ಡು ಮುಟ್ಟುವ ಮುಂಚೆ ಕಿಟಕಿಯ ಕಬ್ಬಿಣದ ಸರಳು ಮುಟ್ಟಿದರು, ಮೈಯ ಕರೆಂಟು ಇಳಿಯಲಿ ಎಂದು. ಕಾರ್ಡನ್ನು ಎರಡು ತುದಿಯಲ್ಲಷ್ಟೇ ಹಿಡಿದು, ಕೆಳಗಿನ ಹೊಂಬಣ್ಣದ ಅಂಚನ್ನು ತೋರಿಸಿದರು. "ಈ ಬಂಗಾರದಂಚು ಮುಟ್ಟಬ್ಯಾಡ ತಮ್ಮಾ. ಬೆವರು ಹತ್ತಿದ್ರೂ ಇದು ಮುನಸ್ಕೋತದ." ಕೂಡಿಸಿದರು, ಸ್ವಿಚ್ ಹಚ್ಚಿದರು. ಒಂದು ಚಿಕ್ಕ ಬೀಪ್. ಪರದೆಯಲ್ಲಿ ನಾನು ಅಲ್ಲಿಯವರೆಗೆ ಕಾಣದ ಬಣ್ಣಗಳು. ಸ್ಕ್ರೂವಿಗೆ ಕೆಂಪು ಬೊಟ್ಟಿಟ್ಟು ಅವರು ಹೋದರು.

ಸಂಜೆ ಕಾಕಾ ಬಂದ. ಯಾರೋ ಹೇಳಿದ್ದರು. ಅವನು ಕೂಗಾಡುವ ಮನುಷ್ಯನಲ್ಲ, ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಂವ ಒಳಗ ಬಂದಿದ್ನೇನು?"

"ಹೌದು."

"ಏನೇನ್ ಮುಟ್ಟಿದಾ?"

"ಹೊಸ ಕಾರ್ಡು."

"ತೆಗಿ ಅದನ್ನ. ವಿಭೂತಿ ಹಚ್ಚಿ ಇಡೋಣ. ಹೊಸಾ ಸಾಮಾನು, ಹಂಗ ಹ್ಯಾಂಗ ಬಳಸ್ತಿ?"

ಹೊಸ ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ ವಿಭೂತಿ ಹಚ್ಚುವುದು ನಮ್ಮಲ್ಲಿ ಇದ್ದದ್ದೇ. ಆದರೆ ಅವಕ್ಕೆಲ್ಲ ಹೊರಮೈಗೆ ಹಚ್ಚಿದರೆ ಸಾಕಾಗುತ್ತಿತ್ತು, ಇಂಜಿನ್ ಬಿಚ್ಚಿ ಹಚ್ಚಿದವರಿಲ್ಲ. ಇದಕ್ಕೆ ಮಾತ್ರ ಉಸ್ತಾದರ ಬೆರಳು ತಾಗಿದ ಒಳಗಿನ ಸಾಮಾನಿಗೇ ಹಚ್ಚಬೇಕಿತ್ತು. ನನಗೆ ಎಲ್ಲ ಅರ್ಥವಾಗಿತ್ತು. ಆದರೂ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಕೆಂಪು ಬೊಟ್ಟು ಟಕ್ಕನೆ ಒಡೆಯಿತು. ಕಾರ್ಡು ತೆಗೆದುಕೊಟ್ಟೆ. ಕಾಕಾ ವಿಭೂತಿ ಗಟ್ಟಿಯ ಮೇಲೆ ಒದ್ದೆ ಬೆರಳು ತಿಕ್ಕಿ, ಮೂರು ಬೆರಳನ್ನು ಆ ಬಂಗಾರದಂಚಿನ ಉದ್ದಕ್ಕೂ ಎಳೆದ.

"ಕಾಕಾ, ಅಲ್ಲಿ ಬ್ಯಾಡ" ಎಂದೆ.

"ಬಂಗಾರಕ್ಕ ವಿಭೂತಿ ತಾಗಿದ್ರ ಕೆಡ್ತದೇನು?" ಎಂದು ತಿರುಗಿಸಿ ಆ ಬದಿಗೂ ಎಳೆದ.

ನಾನು ಕಾರ್ಡನ್ನು ಅವನ ಕೈಯಿಂದ ತೆಗೆದುಕೊಂಡೆ. ಹಾಗೇ ತಿರುಗಿ ಕೂಡಿಸಿಟ್ಟೆ.

ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಒಂದು ಉದ್ದ ಬೀಪ್, ಎರಡು ಚಿಕ್ಕವು. ಪರದೆ ಕಪ್ಪು. ಮಾನಿಟರಿನ ದೀಪ ಹಳದಿ. ಕಾರಣ ಏನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದು ಶುದ್ಧ ಸುಳ್ಳು. ಒಂದು ಸ್ಕ್ರೂ ಬಿಚ್ಚಿ ಒರೆಸಿದ್ದರೆ ಐದು ನಿಮಿಷದ ಕೆಲಸ. ಆದರೆ ಕಾಕಾ ಹಿಂದೆ ನಿಂತಿದ್ದ. ಅವನು ಹಚ್ಚಿದ ವಿಭೂತಿಯನ್ನು ಅವನ ಎದುರಿಗೆ ಒರೆಸುವ ಎದೆ ನನಗಿರಲಿಲ್ಲ.

"ಹೊಸಾದನ್ನ ಸುಟ್ಟು ಹೋಗ್ಯಾನ. ನಾ ಮೊದಲ ಅಂದಿದ್ದೆ" ಎಂದ ಕಾಕಾ. ಅಂದವನು ಅಲ್ಲಿಗೇ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿನಲ್ಲಿ ಹೇಳಿದ, ಗೊಬ್ಬರದ ಅಂಗಡಿಯಲ್ಲಿ ಹೇಳಿದ. ಯಜಮಾನ ಮನುಷ್ಯ ಹೇಳಿದ್ದನ್ನು ಊರು ಪರೀಕ್ಷಿಸಲು ಹೋಗುವುದಿಲ್ಲ. ಎರಡೇ ದಿನದಲ್ಲಿ ಉಸ್ತಾದರ ಅಂಗಡಿಗೆ ಮಂದಿ ಬಂದು, "ನಮ್ಮ ಟಿ.ವಿ. ಆಗಿಲ್ಲಂದ್ರ ಹಂಗ ಕೊಡ್ರಿ" ಎಂದು ಹೊತ್ತುಕೊಂಡು ಹೋಗತೊಡಗಿದರು. ಆ ಎರಡು ದಿನ ನಾನು ಆ ರಸ್ತೆಗೇ ಹೋಗಲಿಲ್ಲ. ಹೇಡಿ.

ಮೂರನೆಯ ದಿನ ಅವರೇ ಬಂದರು. ಕರೆದಿರಲಿಲ್ಲ. ಹತಾರದ ಚೀಲ ಕಟ್ಟೆಯ ಮೇಲಿಟ್ಟು, "ಕಂಪ್ಯೂಟರ್ ಹೊರಗ ತರ್ರಿ" ಎಂದರು.

"ಒಳಗ ಬರ್ರಿ ಉಸ್ತಾದ" ಎಂದೆ.

"ಬ್ಯಾಡ. ಹೊರಗ ತರ್ರಿ. ಎಲ್ಲಾರೂ ನೋಡ್ಲಿ."

ಹೊರಗೆ ತಂದು, ಉದ್ದನೆಯ ವೈರು ಎಳೆದು ಕಟ್ಟೆಯ ಮೇಲೆ ಎಲ್ಲ ಜೋಡಿಸಿದೆ. ರಸ್ತೆಯಲ್ಲಿ ಏಳೆಂಟು ಜನ ನಿಂತರು. ಅವರ ನಡುವೆ ಹೈಸ್ಕೂಲಿನ ಹೆಡ್‌ಮಾಸ್ತರೂ ಇದ್ದರು. ಸುದ್ದಿ ಅವರಿಗೂ ಮುಟ್ಟಿತ್ತು, ನೋಡಿ ತೀರ್ಮಾನಿಸೋಣ ಎಂದೇ ಬಂದಿದ್ದರು. ಕಾಕಾ ಬಾಗಿಲಲ್ಲಿ ಕೈಕಟ್ಟಿ ನಿಂತ.

ಉಸ್ತಾದರು ಹಚ್ಚಿದರು. ಕಣ್ಣು ಮುಚ್ಚಿ ಕೇಳಿದರು. ಒಂದು ಉದ್ದ, ಎರಡು ಚಿಕ್ಕವು. ಆರಿಸಿ, ಕಾರ್ಡಿನ ಸ್ಕ್ರೂ ಮೇಲೆ ಬೆರಳಾಡಿಸಿದರು. ಬೊಟ್ಟು ಒಡೆದಿತ್ತು. ನನ್ನ ಕಡೆ ತಿರುಗಿದರು.

"ನಾ ಹೋದ ಮ್ಯಾಲ ಇದನ್ನ ಯಾರು ಬಿಚ್ಚಿದ್ರಿ?"

"ಯಾರೂ ಬಿಚ್ಚಿಲ್ರಿ" ಎಂದೆ.

ಅವರು ಕಾರ್ಡು ತೆಗೆದರು. ಬಂಗಾರದಂಚಿನ ಮೇಲೆ ವಿಭೂತಿಯ ಪಟ್ಟಿಗಳು ಒಣಗಿ ಅಂಟಿಕೊಂಡಿದ್ದವು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಏನೆಂದು ಅವರಿಗೆ ಗೊತ್ತಾಯಿತು. ಯಾಕೆ ಎಂದೂ ಗೊತ್ತಾಯಿತು.

"ಏನದು ಬೆಳ್ಳಗ?" ಎಂದರು ಹೆಡ್‌ಮಾಸ್ತರು.

ಉಸ್ತಾದರು ನನ್ನನ್ನೇ ನೋಡಿದರು. ಅದು ವಿಭೂತಿ ಎಂದು ಅವರ ಬಾಯಿಂದ ಬಂದಿದ್ದರೆ ಮಾತು ಕಾರ್ಡನ್ನು ಬಿಟ್ಟು ದೇವರ ಮೇಲೆ ಹೋಗುತ್ತಿತ್ತು, ಅಲ್ಲಿಂದ ಕೇರಿಯ ಮೇಲೆ. ಅದು ಅವರಿಗೂ ಗೊತ್ತಿತ್ತು, ನನಗೂ. ಆ ಮಾತು ಹೇಳಬೇಕಾದವನು ನಾನು. ಅವರು ಕಾದರು. ನಾನು ನೆಲದ ಮೇಲಿನ ವೈರು ನೋಡುತ್ತ ನಿಂತೆ.

"ಧೂಳು ಕೂತಿರಬೇಕು" ಎಂದ ಕಾಕಾ.

ಉಸ್ತಾದರು ಚೀಲದಿಂದ ಮಕ್ಕಳು ಬರಹ ಅಳಿಸುವ ರಬ್ಬರ್ ತೆಗೆದರು. ಆ ಅಂಚನ್ನು ಎರಡೂ ಬದಿ ನಿಧಾನವಾಗಿ ತಿಕ್ಕಿದರು. ಬಿಳಿ ಪುಡಿ ಅವರ ತೊಡೆಯ ಮೇಲೆ ಉದುರಿತು. ಕುಂಚದಿಂದ ಒಳಗಿನ ಸಂದಿಯನ್ನೂ ಗುಡಿಸಿ ಕಾರ್ಡು ಕೂಡಿಸಿ ಹಚ್ಚಿದರು. ಒಂದು ಚಿಕ್ಕ ಬೀಪ್. ಬಣ್ಣಗಳೆಲ್ಲ ಬಂದವು.

ಸುಟ್ಟಿದೆ ಎಂದ ಕಾರ್ಡು ಊರ ಮುಂದೆ ಬೆಳಗಿತು, ಇನ್ನಾದರೂ ಮಾತು ಮುಗಿಯಿತು ಎಂದುಕೊಂಡೆ. ಆಗ ಕಾಕಾ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ನೋಡ್ರಿ ಸರ್. ಹಂಗಾದ್ರ ಮೊದಲ ದಿನ ಅಂವ ಬರೋಬ್ಬರಿ ಕೂಡಿಸಿರಲಿಲ್ಲ ಅಂದಂಗಾತಲ್ಲ."

ನಿಂತವರು ಹೌದೆಂದು ತಲೆಯಾಡಿಸಿದರು. ಹೆಡ್‌ಮಾಸ್ತರು "ಸರಿ, ನೋಡೋಣ" ಎಂದು ಹೊರಟುಹೋದರು. ದುರಸ್ತಿ ಮಾಡಿದ್ದೇ ಅಪರಾಧಕ್ಕೆ ಸಾಕ್ಷಿಯಾಯಿತು. ಎಂಥ ಊರು, ಎಂಥ ನ್ಯಾಯ. ಕಾಕಾ ಆ ಬಿಳಿ ಪುಡಿ ಉದುರುವುದನ್ನು ಕಣ್ಣಾರೆ ನೋಡಿದ್ದ. ನೋಡಿಯೇ ಹೇಳಿದ.

ಉಸ್ತಾದರು ಹತಾರಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. ಬೊಟ್ಟು ಇಡಲಿಲ್ಲ. ಏಳುವಾಗ ನನಗಷ್ಟೇ ಕೇಳುವಂತೆ ಹೇಳಿದರು: "ಬೀಪ್ ಕೇಳೋದು ಕಲಿಸೀನಿ. ಬಾಯಿ ಬಿಡೋದು ನನಗ ಕಲಿಸಾಕ ಆಗ್ಲಿಲ್ಲ, ಸಾವ್ಕಾರ್ರ."

ಅಲ್ಲಿಯವರೆಗೆ ನಾನು ಅವರಿಗೆ ತಮ್ಮ ಆಗಿದ್ದೆ. ಆ ದಿನ ಸಾವ್ಕಾರ ಆದೆ.

ಶಾಲೆಯ ಕೆಲಸ ಬೇರೆ ಊರಿನ ಯಾರಿಗೋ ಹೋಯಿತು. ಅವನು ಮೂರು ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದ. ಕೆಟ್ಟ ಕಂಪ್ಯೂಟರ್‌ಗಳು ಹಾಗೇ ಧೂಳು ತಿಂದವು. ಅದನ್ನು ಯಾರೂ ಕೇಳಲಿಲ್ಲ, ಅವನಿಗೆ ಯಾರೂ ಅಡ್ಡಹೆಸರು ಇಡಲಿಲ್ಲ. ಉಸ್ತಾದರ ಅಂಗಡಿಯಲ್ಲಿ ಒಂದೊಂದೇ ಕಪಾಟು ಖಾಲಿಯಾಯಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲು ಹಾಕಿಕೊಂಡು, ಮಗಳನ್ನು ಕೊಟ್ಟಿದ್ದ ಜೇವರ್ಗಿಗೆ ಹೋದರು. ಅಲ್ಲಿ ನೀರೆತ್ತುವ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಮಾಡುತ್ತಿದ್ದರಂತೆ. ಒಮ್ಮೆ ಜೇವರ್ಗಿ ಬಸ್ಸು ಹತ್ತಿ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅರ್ಧ ಗಂಟೆ ನಿಂತು, ಅದೇ ಬಸ್ಸಿನಲ್ಲಿ ತಿರುಗಿ ಬಂದೆ. ಅವರ ಮುಖ ನೋಡುವ ಧೈರ್ಯ ಇನ್ನೂ ಬಂದಿರಲಿಲ್ಲ.

ಎದೆನೋವಿನಿಂದ ತೀರಿಕೊಂಡರೆಂಬ ಸುದ್ದಿ ಆ ಕಡೆಯ ಕಂಡಕ್ಟರನೊಬ್ಬನಿಂದ ಬಂದಾಗ ನಾಲ್ಕು ದಿನ ಕಳೆದಿತ್ತು. ಆಗ ಹೋದೆ. ಸತ್ತವರ ಮುಖ ನೋಡಬೇಕಿಲ್ಲವಲ್ಲ, ಧೈರ್ಯ ತಾನಾಗಿ ಬಂತು. ಚಿಕ್ಕ ಮನೆ. ಬುದ್ಧನ, ಬಾಬಾಸಾಹೇಬರ ಪಟಗಳ ಪಕ್ಕದಲ್ಲಿ ಉಸ್ತಾದರ ಫೋಟೋ, ಮುಂದೆ ಮೇಣದಬತ್ತಿ. ಅವರ ಹೆಂಡತಿ ಬಿಳಿ ಸೀರೆಯಲ್ಲಿ ಗೋಡೆಗೊರಗಿ ಕೂತಿದ್ದರು. ನನ್ನ ಗುರುತು ಹಿಡಿದರು, ಕೂಡಲು ಚಾಪೆ ಹಾಸಿಸಿದರು, ಮನೆಯವರೆಲ್ಲ ಕುಡಿಯುವ ಲೋಟದಲ್ಲೇ ನೀರು ಕೊಟ್ಟರು. ನಾನು ನೀರು ಕುಡಿದು ಎಲ್ಲವನ್ನೂ ಹೇಳಿದೆ. ಕಾರ್ಡು ಬಿಚ್ಚಿದ್ದು, ವಿಭೂತಿ, ಕಟ್ಟೆಯ ಮೇಲೆ ಆಡಿದ ಸುಳ್ಳು. ಹೇಳುತ್ತ ಅತ್ತೆ. ಅವರು ಅಳಲಿಲ್ಲ.

"ಗೊತ್ತದ್ರಿ" ಎಂದರು. "ಅವತ್ತ ಮನಿಗಿ ಬಂದು ಕೈ ತೊಳ್ಕೊಂತ ಹೇಳಿದ್ರು. ಉಗುರ ಸಂದ್ಯಾಗ ವಿಭೂತಿ ಕೂತಿತ್ತು."

ನಾನು ತಪ್ಪಾಯಿತು ಎಂದೆ. ಅವರು ಕೇಳಿದರು:

"ನಮಗ್ಯಾಕ ಹೇಳಾಕತ್ತೀರಿ? ನಮ್ಮ ಮನ್ಯಾಗ ಅವರ ಹೆಸರು ಕೆಟ್ಟಿಲ್ಲ. ಕೆಟ್ಟಿದ್ದು ನಿಮ್ಮೂರಾಗ. ಅಲ್ಲಿ ಹೋಗಿ ಹೇಳ್ರಿ."

ಊರಿಗೆ ಬಂದೆ. ಹೇಳಲಿಲ್ಲ. ಕಾಕಾ ಇದ್ದಾನೆ, ಮನೆಯ ಮರ್ಯಾದೆ ಎಂದುಕೊಂಡೆ. ಕಾಕಾ ಹೋದ. ಅವನ ಗದ್ದಿಗೆಯ ಕಲ್ಲಿನ ಮೇಲೆ ಶರಣಜೀವಿ ಎಂದು ಕೆತ್ತಿಸಿದರು, ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಟ್ಟವನೂ ನಾನೇ. ಆಮೇಲೆ ಸತ್ತವರ ಮಾತೇಕೆ ಎಂದುಕೊಂಡೆ. ನೆಪಗಳಿಗೆ ನನ್ನಲ್ಲಿ ಎಂದೂ ಬರ ಬಂದಿಲ್ಲ. ನನ್ನ ಅಂಗಡಿ ಬೆಳೆಯಿತು. ತಾಲ್ಲೂಕಿನಲ್ಲಿ ಯಾರ ಪರದೆ ಕಪ್ಪಾದರೂ ನನ್ನನ್ನೇ ಕರೆಯುತ್ತಾರೆ. ಬೀಪ್ ಎಣಿಸಿ ರೋಗ ಹೇಳಿದರೆ ಹುಡುಗರು ಬೆರಗಾಗಿ, "ಎಲ್ಲಿ ಕಲಿತ್ರಿ ಸರ್?" ಎನ್ನುತ್ತಾರೆ. ಉಸ್ತಾದರಿಗೆ ಸಲ್ಲಬೇಕಿದ್ದ ಆ ಸರ್ ಎಂಬ ಮಾತನ್ನು ಇಷ್ಟು ವರ್ಷ ನಾನು ಉಣ್ಣುತ್ತ ಬಂದಿದ್ದೇನೆ.

ಕಳೆದ ವಾರ ಒಂದು ಮದುವೆ ಮನೆಯಲ್ಲಿ ನನ್ನ ಮಗನ ವಯಸ್ಸಿನ ಹುಡುಗನೊಬ್ಬ, ಉಸ್ತಾದರನ್ನು ಕಣ್ಣಿಂದ ಕಂಡಿರದವನು, ಯಾರೋ ಮೆಕ್ಯಾನಿಕ್ಕನ್ನು ಬೈಯುತ್ತ, "ಅಂವೇನು ಕಾರ್ಡ ಸುಟ್ಟ ಉಸ್ತಾದ" ಎಂದ. ಸುತ್ತಲಿದ್ದವರು ನಕ್ಕರು. ನನ್ನ ಕೈಯಲ್ಲಿ ಊಟದ ತಟ್ಟೆಯಿತ್ತು. ಇಟ್ಟು ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಅಫಜಲಪುರದವರೇ, ಓದಿಕೊಳ್ಳಿ. ಆ ಕಾರ್ಡನ್ನು ಯಾರೂ ಸುಡಲಿಲ್ಲ. ಉಸ್ತಾದರು ಅದನ್ನು ಸರಿಯಾಗಿ ಕೂಡಿಸಿ ಹೋಗಿದ್ದರು. ಅವರು ಮುಟ್ಟಿದ್ದರೆಂಬ ಒಂದೇ ಕಾರಣಕ್ಕೆ ಅದನ್ನು ಬಿಚ್ಚಿದವನು ನಾನು, ಅದಕ್ಕೆ ವಿಭೂತಿ ಹಚ್ಚಿದವನು ನನ್ನ ಕಾಕಾ, ಯಾರೂ ಬಿಚ್ಚಿಲ್ಲ ಎಂದು ನಿಮ್ಮೆಲ್ಲರ ಎದುರಿಗೆ ಸುಳ್ಳು ಹೇಳಿದವನೂ ನಾನೇ.